ಓದುಗರ ಪ್ರಶ್ನೆ: ಇಟಿಎಂನಿಂದ ಮೆಮೊರಿಯವರೆಗೆ ಟ್ರೇಸ್ ಸಾಗುವ ದಾರಿ

ಪ್ರಶ್ನೆ: ನಮ್ಮ 64 ಬಿಟ್ ಆರ್ಮ್ ಬೋರ್ಡಿನ ಪ್ರತಿ ಕೋರ್‌ನಲ್ಲೂ ಇಟಿಎಂ (ಕೋರ್ ಓಡಿಸಿದ ಇನ್‌ಸ್ಟ್ರಕ್ಷನ್‌ಗಳ ಜಾಡು, ಅಂದರೆ ಟ್ರೇಸ್, ದಾಖಲಿಸುವ ಘಟಕ) ಇದೆ ಎಂದು ಚಿಪ್‌ನ ಮ್ಯಾನ್ಯುಯಲ್ ಹೇಳುತ್ತದೆ. ಟ್ರೇಸ್ ಹಿಡಿಯುವ ಜೆಟ್ಯಾಗ್ ಪ್ರೋಬ್ (ಚಿಪ್‌ನ ಡಿಬಗ್ ಪಿನ್‌ಗಳಿಗೆ ಸಿಕ್ಕಿಸುವ ಹೊರಗಿನ ಉಪಕರಣ) ಕೊಳ್ಳುವ ಶಕ್ತಿ ನಮ್ಮ ಲ್ಯಾಬಿಗಿಲ್ಲ. ಬರೀ ಲಿನಕ್ಸ್‌ನಿಂದಲೇ ಟ್ರೇಸ್ ತೆಗೆಯಲು ಬರುತ್ತದೆಯೇ? – ಹುಬ್ಬಳ್ಳಿಯಿಂದ

ಉತ್ತರ: ಬರುತ್ತದೆ. ಟ್ರೇಸ್ ಚಿಪ್‌ನ ಪಿನ್‌ಗಳ ಮೂಲಕ ಹೊರಬರಬೇಕಿದ್ದರೆ ಮಾತ್ರ ಪ್ರೋಬ್ ಬೇಕು. ಕೋರ್‌ಸೈಟ್ (ಆರ್ಮ್‌ನ ಡಿಬಗ್, ಟ್ರೇಸ್ ಘಟಕಗಳ ವ್ಯವಸ್ಥೆ) ಇರುವ ಎಷ್ಟೋ ಚಿಪ್‌ಗಳಲ್ಲಿ ಇನ್ನೊಂದು ದಾರಿ ಉಂಟು. ಇಟಿಎಂಗಳ ಡೇಟಾ ಫನೆಲ್‌ನಲ್ಲಿ ಒಂದಾಗಿ, ಇಟಿಎಫ್ ಎಂಬ ಚಿಕ್ಕ ಬಫರ್ ದಾಟಿ, ರೆಪ್ಲಿಕೇಟರ್‌ನಲ್ಲಿ ಕವಲಾಗುತ್ತದೆ. ಒಂದು ಕವಲು ಪಿನ್‌ಗಳ ಕಡೆಯ ಟಿಪಿಐಯುಗೆ, ಇನ್ನೊಂದು ಇಟಿಆರ್‌ಗೆ. ಇಟಿಆರ್ ಅದನ್ನು ನೇರವಾಗಿ ಮುಖ್ಯ ಮೆಮೊರಿಗೆ (ಡಿರ್ಯಾಮ್) ಬರೆಯುತ್ತದೆ. ಹರಿಯುವ ಡೇಟಾವನ್ನು ಕರ್ನಲ್ ಕೈಯಿಂದ ಮುಟ್ಟುವುದಿಲ್ಲ. ಮೂಲದಿಂದ (ಸೋರ್ಸ್, ಇಲ್ಲಿ ಇಟಿಎಂ) ಸಿಂಕ್‌ವರೆಗಿನ (ಡೇಟಾ ಕೊನೆಗೆ ಸೇರುವ ಘಟಕ, ಇಲ್ಲಿ ಇಟಿಆರ್) ದಾರಿ ಹುಡುಕಿ, ನಡುವಿನ ಘಟಕಗಳನ್ನು ಆನ್ ಮಾಡುವುದಷ್ಟೇ ಡ್ರೈವರ್‌ಗಳ ಕೆಲಸ. ಅದೂ ಸಿಂಕ್‌ನ ಕಡೆಯಿಂದ ಶುರು: ಕಾಲುವೆಯ ಬಾಲ ತೆರೆಯದೆ ತೂಬು ಎತ್ತುವಂತಿಲ್ಲವಲ್ಲ.

ಕರ್ನಲ್ ಕಾನ್ಫಿಗ್‌ನಲ್ಲಿ ಕೋರ್‌ಸೈಟ್, ಲಿಂಕ್ಸ್ ಅಂಡ್ ಸಿಂಕ್ಸ್, ಟಿಎಂಸಿ, ಇಟಿಎಂ4ಎಕ್ಸ್ ಈ ನಾಲ್ಕೂ ಆಯ್ಕೆಯಾಗಿರಲಿ. ಬೂಟ್ ಆದ ಮೇಲೆ ಸಿಸ್‌ಎಫ್‌ಎಸ್‌ನ (ಡ್ರೈವರ್‌ಗಳ ಫೈಲುಗಳಿರುವ ಸಿಸ್ ಫೋಲ್ಡರ್) ಬಸ್, ಕೋರ್‌ಸೈಟ್, ಡಿವೈಸಸ್ ಫೋಲ್ಡರಿಗೆ ಹೋಗಿ. ಇಟಿಎಂ0, ಫನೆಲ್0, ಟಿಎಂಸಿ-ಇಟಿಆರ್0 ಹೆಸರುಗಳು ಕಾಣಬೇಕು. ಮೊದಲು ಇಟಿಆರ್‌ನ 'ಎನೇಬಲ್ ಸಿಂಕ್' ಫೈಲಿಗೆ 1 ಬರೆಯಿರಿ, ಆಮೇಲೆ ಇಟಿಎಂ0ರ 'ಎನೇಬಲ್ ಸೋರ್ಸ್'ಗೆ 1. ಕೋರ್ 0ರಲ್ಲಿ ಏನಾದರೂ ಓಡಿಸಿ, ಸೋರ್ಸ್‌ಗೆ 0 ಬರೆದು ನಿಲ್ಲಿಸಿ, ಡೆವ್ ಫೋಲ್ಡರಿನ ಇಟಿಆರ್ ನೋಡ್‌ನಿಂದ 'ಡಿಡಿ' ಬಳಸಿ ಫೈಲಿಗೆ ಇಳಿಸಿಕೊಳ್ಳಿ. ಪರ್ಫ್‌ಗೆ (ಲಿನಕ್ಸ್‌ನ ಪ್ರೊಫೈಲಿಂಗ್ ಸಲಕರಣೆ) ಕೈ ಹಾಕುವ ಮುನ್ನ ಇಷ್ಟನ್ನು ಮಾಡಿಯೇ ತೀರಿ ಎಂಬುದು ನಮ್ಮ ಸಲಹೆ. ದಾರಿ ಸರಿಯಿದೆಯೋ ಇಲ್ಲವೋ ಇಲ್ಲೇ ಗೊತ್ತಾಗುತ್ತದೆ.

ಇಳಿಸಿದ ಫೈಲನ್ನು ಹೆಕ್ಸ್‌ಡಂಪ್‌ನಲ್ಲಿ ತೆರೆದರೆ ಡೇಟಾ 16 ಬೈಟ್‌ಗಳ ಫ್ರೇಮುಗಳಲ್ಲಿರುತ್ತದೆ. ಯಾವ ತುಣುಕು ಯಾವ ಕೋರ್‌ನದು ಎಂಬುದಕ್ಕೆ 7 ಬಿಟ್‌ನ ಟ್ರೇಸ್ ಐಡಿ ಒಳಗೇ ಸೇರಿರುತ್ತದೆ. ಮೊದಲ ಸಾಲಿನಲ್ಲೇ 'ಎಫ್‌ಎಫ್ ಎಫ್‌ಎಫ್ ಎಫ್‌ಎಫ್ 7ಎಫ್' ನಾಲ್ಕು ಸಲ ಕಂಡರೆ ಗಾಬರಿ ಬೇಡ. ಬಫರ್ ತುಂಬಿ ಸುತ್ತು ಹೊಡೆದಿದೆ, ಹಳೆಯ ಡೇಟಾ ಅಳಿಸಿದೆ ಎಂದು ಡಿಕೋಡರಿಗೆ ತಿಳಿಸಲು ಡ್ರೈವರೇ ಇಟ್ಟ ಗುರುತು ಅದು.

ಪ್ರಶ್ನೆ: ಸಿಂಕ್ ಆನ್ ಆಗುತ್ತದೆ, ಸೋರ್ಸ್ ಆನ್ ಮಾಡಿದರೆ ದೋಷ ಬರುತ್ತದೆ. ಇನ್ನೊಂದು ಬೋರ್ಡಿನಲ್ಲಿ ದೋಷವೇ ಇಲ್ಲ, ಬೋರ್ಡೇ ಹ್ಯಾಂಗ್! – ಮೈಸೂರಿನಿಂದ

ಉತ್ತರ: ಇವೆರಡೂ ಬೇರೆಬೇರೆ ಕಾಯಿಲೆ. ಮೊದಲನೆಯದಕ್ಕೆ ಡಿಮೆಸೇಜ್ (ಕರ್ನಲ್‌ನ ಸಂದೇಶಗಳು) ನೋಡಿ. 'ಬಿಲ್ಡಿಂಗ್ ಪಾತ್ಸ್ ಫೇಲ್ಡ್' ಎಂದಿದ್ದರೆ ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರನ್ನು ಕರ್ನಲ್‌ಗೆ ವಿವರಿಸುವ ಫೈಲು) ಕೊಂಡಿ ತಪ್ಪಿದೆ. ಒಂದು ಘಟಕದ ಔಟ್-ಪೋರ್ಟ್ಸ್‌ನ ರಿಮೋಟ್ ಎಂಡ್‌ಪಾಯಿಂಟ್ ಮುಂದಿನ ಘಟಕದ ಇನ್-ಪೋರ್ಟ್ಸ್ ಕಡೆಗೂ, ಅಲ್ಲಿಂದ ಮರಳಿ ಇದರ ಕಡೆಗೂ ಬೆರಳು ತೋರಿಸಬೇಕು. ಹಳೆಯ ವೆಂಡರ್ ಕರ್ನಲ್‌ನಿಂದ ನೋಡ್‌ಗಳನ್ನು ನಕಲು ಮಾಡಿದವರು ಎಡವುವುದು ಇಲ್ಲೇ: ಹಿಂದೆ ಎಲ್ಲ ಪೋರ್ಟುಗಳೂ ಒಂದೇ ಗುಂಪಿನಲ್ಲಿದ್ದು, ಒಳಬರುವುದಕ್ಕೆ 'ಸ್ಲೇವ್-ಮೋಡ್' ಎಂಬ ಗುರುತು ಇರುತ್ತಿತ್ತು. ಫನೆಲ್‌ನ ಪೋರ್ಟ್ ಸಂಖ್ಯೆ ಊಹೆಯಿಂದ ಬರೆಯಬೇಡಿ. ಸಂಖ್ಯೆ ತಪ್ಪಿದರೆ ದಾರಿ ಸಿಗುತ್ತದೆ, ದೋಷವೂ ಬರುವುದಿಲ್ಲ. ತೆರೆದದ್ದು ಬೇರೆ ಕೋರ್‌ನ ಬಾಗಿಲು, ಅಷ್ಟೇ.

ಹ್ಯಾಂಗ್ ಆಗುವುದು ಬಹುಪಾಲು ಕ್ಲಾಕ್ ಅಥವಾ ಪವರ್ ಇಲ್ಲದ ರಿಜಿಸ್ಟರನ್ನು ಓದಲು ಹೋದಾಗ. ಪ್ರತಿ ನೋಡ್‌ನಲ್ಲೂ ಎಪಿಬಿ ಕ್ಲಾಕ್ (ರಿಜಿಸ್ಟರುಗಳನ್ನು ತಲುಪುವ ಬಸ್ಸಿನ ಕ್ಲಾಕ್), ಅಗತ್ಯವಿದ್ದರೆ ಪವರ್ ಡೊಮೇನ್ ಇದೆಯೇ ನೋಡಿ. ಕೋರ್ ನಿದ್ದೆಗೆ ಜಾರಿದಾಗ ಇಟಿಎಂ ಕೂಡ ಆರಿಹೋಗಿ ಅದರ ಸೆಟ್ಟಿಂಗ್‌ಗಳು ಮಾಯವಾಗುವ ಚಿಪ್‌ಗಳಿವೆ. ಅಂಥಲ್ಲಿ ಇಟಿಎಂ ನೋಡ್‌ಗೆ 'ಲೂಸಸ್ ಕಾಂಟೆಕ್ಸ್ಟ್ ವಿತ್ ಸಿಪಿಯು' ಗುಣವನ್ನು ಸೇರಿಸಬೇಕು. ಕಾರಣ ಇದೇ ಹೌದೋ ಎಂದು ಪರೀಕ್ಷಿಸಲು ಕರ್ನಲ್ ಕಮಾಂಡ್ ಲೈನಿನಲ್ಲಿ ಸಿಪಿಯು-ಐಡಲ್ ಆಫ್ ಮಾಡಿ ಬೂಟ್ ಮಾಡಿ. ಆಗ ಎಲ್ಲವೂ ಸರಿಹೋದರೆ ಉತ್ತರ ಸಿಕ್ಕಿತು.

ಮಾರುಕಟ್ಟೆಯ ಫೋನುಗಳ ಮೇಲೆ ಇದನ್ನು ಮಾಡುವ ಆಸೆ ಇಟ್ಟುಕೊಳ್ಳಬೇಡಿ. ತಯಾರಕರು ಫ್ಯೂಸ್ ಸುಟ್ಟು ಡಿಬಗ್ ಅನುಮತಿಯನ್ನೇ ಮುಚ್ಚಿರಬಹುದು. ಆಗ ಯಾವ ಡ್ರೈವರಿನಿಂದಲೂ ಟ್ರೇಸ್ ಬರುವುದಿಲ್ಲ.

ಪ್ರಶ್ನೆ: ಪರ್ಫ್‌ನಲ್ಲಿ ಟ್ರೇಸ್ ಹಿಡಿದೆವು. ಲೂಪ್ ಒಂದು ನಿಮಿಷ ಓಡಿದರೂ ಸಿಗುವುದು ಕೊನೆಯ ಚೂರು ಮಾತ್ರ. ಬಫರ್ ಹೆಚ್ಚಿಸಿದರೂ ಅಷ್ಟೇ. ಡಿಕೋಡ್ ಮಾಡಿದಾಗ ಅಸಂಬದ್ಧ ವಿಳಾಸಗಳೂ ಕಾಣುತ್ತವೆ. – ಬೆಂಗಳೂರಿನಿಂದ

ಉತ್ತರ: ಬಫರ್ ತುಂಬಿತೆಂದು ಇಟಿಆರ್ ಕರ್ನಲ್‌ಗೆ ಇಂಟರಪ್ಟ್ ಕೊಟ್ಟು ಎಬ್ಬಿಸುವುದಿಲ್ಲ. ಪ್ರೋಗ್ರಾಂ ಕೋರ್‌ನಿಂದ ಇಳಿದಾಗ, ಅಂದರೆ ಶೆಡ್ಯೂಲರ್ ಅದನ್ನು ಪಕ್ಕಕ್ಕೆ ಸರಿಸಿದಾಗ, ಡ್ರೈವರ್ ಡೇಟಾವನ್ನು ಪರ್ಫ್‌ನ ಆಕ್ಸ್ ಬಫರಿಗೆ (ಟ್ರೇಸ್ ಇಡುವ ಪ್ರತ್ಯೇಕ ಬಫರ್) ಸಾಗಿಸುತ್ತದೆ. ಇಳಿಯದೇ ಓಡುವ ಲೂಪಿನಲ್ಲಿ ಅಷ್ಟರಲ್ಲಿ ಇಟಿಆರ್ ತನ್ನ ಬಫರನ್ನು ಎಷ್ಟೋ ಬಾರಿ ಸುತ್ತಿರುತ್ತದೆ. ಟ್ರೇಸ್ ಸೆಕೆಂಡಿಗೆ 100 ಮೆಗಾಬೈಟ್ ಹುಟ್ಟುತ್ತದೆ ಎಂದಿಟ್ಟುಕೊಳ್ಳಿ. 1 ಮೆಗಾಬೈಟ್ ಬಫರಿಗೆ 10 ಮಿಲಿಸೆಕೆಂಡ್ ಸಾಕು. 16ಕ್ಕೆ ಏರಿಸಿದರೂ 160 ಮಿಲಿಸೆಕೆಂಡ್. ಒಂದು ನಿಮಿಷದ ಲೂಪಿಗೆ ಇದು ಯಾವ ಮೂಲೆಗೆ?

ಇಡೀ ಸಿಸ್ಟಮ್ಮನ್ನೇ ಟ್ರೇಸ್ ಮಾಡಿದರೆ ಇನ್ನೂ ಕಷ್ಟ: ಎಲ್ಲ ಕೋರ್‌ಗಳೂ ಒಂದೇ ಇಟಿಆರ್ ಹಂಚಿಕೊಂಡಿದ್ದಾಗ ಕೊನೆಯ ಕೋರ್ ನಿಲ್ಲುವವರೆಗೆ ಬಫರ್ ಖಾಲಿಯಾಗುವುದಿಲ್ಲ. ಹೊಸ ಚಿಪ್‌ಗಳ ಟಿಆರ್‌ಬಿಇ ಎಂಬ ಘಟಕ ಈ ಗಂಟನ್ನು ಬಿಡಿಸಿದೆ. ಅಲ್ಲಿ ಪ್ರತಿ ಕೋರ್‌ಗೂ ಸ್ವಂತ ಬಫರ್, ತುಂಬಿದರೆ ಇಂಟರಪ್ಟ್.

ನಿಮ್ಮ ಬೋರ್ಡಿನಲ್ಲಿ ಬಫರ್ ಹಿಗ್ಗಿಸುವುದಕ್ಕಿಂತ ಟ್ರೇಸ್ ಕುಗ್ಗಿಸುವುದೇ ಲೇಸು. 'ಪರ್-ಥ್ರೆಡ್' ಆಯ್ಕೆ ಹಾಕಿ, ಬೇಡದಿದ್ದರೆ ಕರ್ನಲ್ ಬಿಟ್ಟು ಯೂಸರ್ ಭಾಗವನ್ನಷ್ಟೇ ಹಿಡಿಯಿರಿ. ಸೈಕಲ್ ಎಣಿಕೆಯನ್ನೂ ಟೈಮ್‌ಸ್ಟ್ಯಾಂಪನ್ನೂ ಅಗತ್ಯವಿದ್ದಾಗ ಮಾತ್ರ ಸೇರಿಸಿ. ಪರ್ಫ್‌ನ 'ಫಿಲ್ಟರ್' ಆಯ್ಕೆಗೆ ಸಂಶಯದ ಫಂಕ್ಷನ್ನಿನ ವಿಳಾಸದ ವ್ಯಾಪ್ತಿ ಕೊಟ್ಟರೆ ಹಾರ್ಡ್‌ವೇರೇ ಉಳಿದದ್ದನ್ನು ತಡೆಯುತ್ತದೆ. ಕಾರ್ಟೆಕ್ಸ್-ಎ53ರ ಇಟಿಎಂನಲ್ಲಿ ಇದಕ್ಕೆ 4 ಜೋಡಿ ಕಂಪೇರೇಟರ್‌ಗಳಿವೆ.

ಅಸಂಬದ್ಧ ವಿಳಾಸಗಳ ಸಂಗತಿ ಬೇರೆ. ಇಟಿಎಂ ಓಡಿದ ಪ್ರತಿ ಇನ್‌ಸ್ಟ್ರಕ್ಷನ್ನನ್ನೂ ಬರೆಯುವುದಿಲ್ಲ. ಬ್ರಾಂಚ್ ತೆಗೆದುಕೊಂಡಿತೋ ಇಲ್ಲವೋ ಎಂಬ ಬಿಟ್‌ಗಳು, ಇನ್‌ಡೈರೆಕ್ಟ್ ಜಿಗಿತವಾದರೆ ವಿಳಾಸ, ಮುಖ್ಯವಾಗಿ ಇಷ್ಟೇ. ಡಿಕೋಡ್ ಮಾಡುವ ಓಪನ್‌ಸಿಎಸ್‌ಡಿ ಲೈಬ್ರರಿ ನಿಮ್ಮ ಬೈನರಿಯ ಮೇಲೆ ನಡೆದು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಹಾಗಾಗಿ ರೆಕಾರ್ಡ್ ಆದ ಮೇಲೆ ಪ್ರೋಗ್ರಾಂ ಮತ್ತೆ ಕಂಪೈಲ್ ಮಾಡಿದ್ದರೆ ಡಿಕೋಡರ್ ದಿಕ್ಕು ತಪ್ಪುತ್ತದೆ. ಕರ್ನಲ್ ತನ್ನ ಕೋಡನ್ನು ಬೂಟ್ ವೇಳೆ ತಾನೇ ತಿದ್ದಿಕೊಳ್ಳುವುದರಿಂದ ಡಿಸ್ಕಿನಲ್ಲಿರುವ ವಿಎಂಲಿನಕ್ಸ್ (ಕರ್ನಲ್‌ನ ಬೈನರಿ ಫೈಲು) ಕೂಡ ಪೂರ್ತಿ ಹೊಂದುವುದಿಲ್ಲ; ರೆಕಾರ್ಡ್ ಮಾಡುವಾಗ 'ಕೆ-ಕೋರ್' ಆಯ್ಕೆ ಹಾಕಿದರೆ ಓಡುತ್ತಿರುವ ಕರ್ನಲ್‌ನ ಪ್ರತಿಯೇ ಜೊತೆಗೆ ಬರುತ್ತದೆ. ಡಿಕೋಡ್ ಆಗುವುದೇ ಇಲ್ಲ ಎನ್ನುವವರು ಪರ್ಫ್ ಅನ್ನು 'ಕೋರ್‌ಸೈಟ್=1' ಕೊಟ್ಟು ಬಿಲ್ಡ್ ಮಾಡಿದ್ದಾರೆಯೇ ನೋಡಿಕೊಳ್ಳಲಿ.

ಪ್ರಶ್ನೆ: ಜೆಟ್ಯಾಗ್ ಡಿಬಗರ್ ಸಿಕ್ಕಿಸಿದ ದಿನವೆಲ್ಲ ಇಟಿಎಂ 'ಡಿವೈಸ್ ಬಿಝಿ' ಎನ್ನುತ್ತದೆ. – ತುಮಕೂರಿನಿಂದ

ಉತ್ತರ: ಸರಿಯಾಗಿಯೇ ಹೇಳುತ್ತಿದೆ. ಕೋರ್‌ಸೈಟ್ ಘಟಕಗಳಲ್ಲಿ ಕ್ಲೇಮ್ ಟ್ಯಾಗ್ ಎಂಬ ಬಿಟ್‌ಗಳಿವೆ. ಹೊರಗಿನ ಡಿಬಗರ್ ತನ್ನ ಬಿಟ್ ಏರಿಸಿದ್ದರೆ ಲಿನಕ್ಸ್ ಡ್ರೈವರ್ ಆ ಘಟಕವನ್ನು ಮುಟ್ಟುವುದಿಲ್ಲ. ಡಿಬಗರ್ ಸಾಫ್ಟ್‌ವೇರ್‌ನಲ್ಲಿ ಟ್ರೇಸ್ ಆಯ್ಕೆ ಆಫ್ ಮಾಡಿ, ಕೇವಲ ಬ್ರೇಕ್‌ಪಾಯಿಂಟ್‌ಗೆ ಬಳಸಿ. ಕೇಬಲ್ ಕಿತ್ತ ಮೇಲೂ ಟ್ಯಾಗ್ ಉಳಿದಿದ್ದರೆ ಬೋರ್ಡಿನ ಪವರ್ ತೆಗೆದು ಹಾಕಿ.

ಪ್ರಶ್ನೆ: ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಇದನ್ನೆಲ್ಲ ಕಲಿಯಬಹುದೇ? – ದಾವಣಗೆರೆಯಿಂದ

ಉತ್ತರ: ಪ್ರೊಕ್‌ನ ಸಿಪಿಯುಇನ್ಫೋದಲ್ಲಿ 'ಇಂಟೆಲ್_ಪಿಟಿ' (ಇಂಟೆಲ್ ಪ್ರೊಸೆಸರಿನ ಟ್ರೇಸ್ ಸೌಲಭ್ಯ) ಎಂದಿದ್ದರೆ ಟ್ರೇಸ್ ಓದುವುದನ್ನು ಕಲಿಯಬಹುದು. ಆದರೆ ಅಲ್ಲಿ ಪ್ರೊಸೆಸರ್ ಟ್ರೇಸನ್ನು ನೇರ ಮೆಮೊರಿಗೇ ಬರೆಯುತ್ತದೆ. ಫನೆಲ್ ಇಲ್ಲ, ಡಿವೈಸ್ ಟ್ರೀ ಇಲ್ಲ. ದಾರಿ ಕಟ್ಟುವುದನ್ನು ಕಲಿಯಲು ಆರ್ಮ್ ಬೋರ್ಡೇ ಬೇಕು.