ಭಾಮೈದನ ಬೀರುವಿನಲ್ಲಿ ಕೂಲಿಯವರ ಆಧಾರ್

ಪ್ರಶ್ನೆ: ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಜಾಬ್‌ವರ್ಕ್ ಲೆಕ್ಕ ನೋಡುತ್ತೇನೆ. ನಮ್ಮ ಹೊಲಿಗೆ ಕೆಲಸ ಸ್ವಲ್ಪ ನನ್ನ ಭಾಮೈದನ ಶೆಡ್ಡಿಗೆ ಹೋಗುತ್ತದೆ. ಅಲ್ಲಿನ ಎರಡು ಕುಟುಂಬಗಳು 40 ಸಾವಿರ ಮುಂಗಡ ಪಡೆದಿವೆ. ಅವರ ಆಧಾರ್ ಕಾರ್ಡ್ ಅವನ ಬೀರುವಿನಲ್ಲಿವೆ. ಹಬ್ಬಕ್ಕೆ ಊರಿಗೆ ಹೊರಟವರನ್ನು ‘ಸಾಲ ತೀರಿಸಿ ಹೋಗಿ’ ಅಂತ ತಡೆದ. ಈಗ ವಿದೇಶಿ ಖರೀದಿದಾರರು ‘ಬಲವಂತದ ದುಡಿಮೆ ಇಲ್ಲ’ ಎಂಬ ಫಾರ್ಮ್ ಕಳಿಸಿದ್ದಾರೆ. ಮಾಲೀಕರು ‘ಸುಮ್ನೆ ಸಹಿ ಹಾಕು’ ಅಂತಾರೆ. ಹೆಂಡತಿ ‘ನನ್ನ ತಮ್ಮನ ಹೊಟ್ಟೆ ಮೇಲೆ ಹೊಡೀತೀರಾ?’ ಅಂತಾಳೆ. ಏನು ಮಾಡಲಿ?

ಉತ್ತರ: ಸಹಿ ಹಾಕಬೇಡಿ. ಗೊತ್ತಿದ್ದೂ ಹಾಕಿದರೆ ನಾಳೆ ಫಾರ್ಮಿನಲ್ಲಿ ಇರುವುದು ನಿಮ್ಮ ಹೆಸರು.

ಮುಂಗಡ ಕೊಡುವುದು ನಮ್ಮ ಕಡೆ ಹೊಸದಲ್ಲ. ಮದುವೆ, ಆಸ್ಪತ್ರೆ ಅಂತ ಜನ ತಗೊಳ್ಳುತ್ತಾರೆ. ಆದರೆ ಸಾಲ ತೀರುವ ತನಕ ಹೋಗುವಂತಿಲ್ಲ ಅಂದರೆ ಅದು ಜೀತ. ಭಾಮೈದ ಒಳ್ಳೆಯವನೇ ಇರಬಹುದು, ಹೊತ್ತಿಗೆ ಊಟವನ್ನೂ ಹಾಕಬಹುದು. ಹಳೇ ಧಣಿಗಳೂ ಹಾಕುತ್ತಿದ್ದರು, ಅಲ್ವಾ? 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಂತೆ ಇಂಥ ಸಾಲ ವಸೂಲಿ ಮಾಡುವಂತಿಲ್ಲ. ಜೀತಕ್ಕೆ ಇಟ್ಟುಕೊಂಡವರಿಗೆ 3 ವರ್ಷದ ತನಕ ಜೈಲು. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡಬೇಕಾದವನೂ ಅವನೇ. ಹೆಂಡತಿಗೆ ಇದನ್ನೇ ಹೇಳಿ. ತಮ್ಮನನ್ನು ಈಗ ತಿದ್ದಿದರೆ ಉಳಿಯುತ್ತಾನೆ.

ಪೀಸ್ ರೇಟಿನ ಲೆಕ್ಕವನ್ನೂ ನೋಡಿ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಇನ್ನು ನಿಮ್ಮ ಕಂಪನಿ ವಿಷಯ. ನನಗೆ ಸಿಟ್ಟು ಜಾಸ್ತಿ ಇರುವುದು ಇದರ ಮೇಲೆಯೇ. ಶೆಡ್ಡಿಗೆ ಪೀಸಿಗೆ ಎಷ್ಟು ಕೊಡುತ್ತೀರಿ? ಬಿಲ್ಲು ಎಷ್ಟು ತಿಂಗಳಿಗೆ ಪಾಸಾಗುತ್ತದೆ? ರೇಟು ಹಿಂಡಿ, ಹಣ ತಡಮಾಡಿ, ‘ನಾಳೆಯೇ ಮಾಲು ಬೇಕು’ ಅಂದರೆ ಶೆಡ್ಡಿನವನು ಬಿಟ್ಟು ಹೋಗದ ಆಳುಗಳನ್ನೇ ಹುಡುಕುತ್ತಾನೆ. ಅವನ ತಪ್ಪು ಮಾಫಿ ಅಂತಲ್ಲ. ಆದರೆ ಆ ಹಗ್ಗದ ಒಂದು ತುದಿ ನಿಮ್ಮ ಲೆಕ್ಕದ ಪುಸ್ತಕದಲ್ಲಿದೆ. ತಪಾಸಣೆಗೆ ಬರುವವರು ಎಷ್ಟೋ ಸಲ ದೊಡ್ಡ ಕಾರ್ಖಾನೆಯ ರಿಜಿಸ್ಟರ್ ನೋಡಿ, ಚಹಾ ಕುಡಿದು ಹೋಗುತ್ತಾರೆ. ಶೆಡ್ಡಿನ ಗಲ್ಲಿಗೆ ಅವರ ಕಾರು ಬರುವುದಿಲ್ಲ.

ಮಾಲೀಕರಿಗೆ ಬಾಯಲ್ಲಿ ಹೇಳಬೇಡಿ, ಮೇಲ್ ಹಾಕಿ. ಕೆಲಸ ಹೋಗುವ ಎಲ್ಲ ಶೆಡ್ಡುಗಳ ಹೆಸರು ಖರೀದಿದಾರರಿಗೆ ಕೊಡೋಣ, ಬಿಲ್ಲು 15 ದಿನದಲ್ಲಿ ಕೊಡೋಣ, ಕೂಲಿ ಒಬ್ಬೊಬ್ಬರ ಖಾತೆಗೆ ಬೀಳಲಿ, ಹೆಂಗಸರದ್ದು ಹೆಂಗಸರ ಖಾತೆಗೇ ಅಂತ ಬರೆಯಿರಿ. ಅವರು ಧರ್ಮದ ಮಾತಿಗೆ ಬಗ್ಗದಿದ್ದರೆ ವ್ಯಾಪಾರದ ಮಾತು ಹೇಳಿ: ಬಲವಂತದ ದುಡಿಮೆಯಿಂದ ಆದ ಮಾಲನ್ನು ಯುರೋಪ್ ಒಕ್ಕೂಟದಲ್ಲಿ ಮಾರುವಂತಿಲ್ಲ ಎಂಬ ಕಾನೂನು 2024ರಲ್ಲಿ ಆಗಿದೆ, 2027ರ ಡಿಸೆಂಬರ್‌ನಿಂದ ಅನ್ವಯ.

ಒಂದು ಎಚ್ಚರಿಕೆ. ಸಿಟ್ಟಿನಲ್ಲಿ ಶೆಡ್ಡಿನ ಆರ್ಡರ್ ಒಮ್ಮೆಲೇ ನಿಲ್ಲಿಸಬೇಡಿ. ಕಂಪನಿಯ ಕೈ ಶುದ್ಧವಾಗುತ್ತದೆ, ಆ ಎರಡು ಕುಟುಂಬ ಮಾತ್ರ ಅದೇ ಸಾಲ ಹೊತ್ತು ಇನ್ನೊಬ್ಬನ ಶೆಡ್ಡಿಗೆ ಹೋಗುತ್ತವೆ. ತಿದ್ದಿಕೊಳ್ಳಲು ಭಾಮೈದನಿಗೆ ಕೆಲವೇ ದಿನ ಗಡುವು ಕೊಡಿ. ಅಷ್ಟಕ್ಕೂ ಒಪ್ಪದಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ. ಜೀತದ ಪ್ರಕರಣ ನೋಡುವ ಜಾಗೃತಿ ಸಮಿತಿಗೆ ಅವರೇ ಅಧ್ಯಕ್ಷರು. ಸಂಬಂಧ ಕೆಡಬಹುದು. ಕೆಡುವುದಿಲ್ಲ ಅಂತ ನಾನು ಸುಳ್ಳು ಹೇಳಲಾರೆ.

ಈ ಭಾನುವಾರವೇ ಹೆಂಡತಿಯನ್ನು ಕರೆದುಕೊಂಡು ಅವನ ಮನೆಗೆ ಹೋಗಿ. ಸಾಲದ ಮಾತು ಆಮೇಲೆ. ಮೊದಲು ಆ ಕಾರ್ಡುಗಳನ್ನು ಅವರವರ ಕೈಗೆ ಕೊಡಿಸಿ. ಬೀರುವಿನ ಕೀಲಿ ಅವನ ಹೆಂಡತಿಯ ಹತ್ತಿರ ಇದ್ದರೆ ಇನ್ನೂ ಸುಲಭ.