ಹೆಂಡತಿಯ ಪಾಟ್ಲಿ ಅಡವಿಟ್ಟು ಕೊಟ್ಟ ಕಾಣಿಕೆ: ಒಂದು ಆಪ್ತಸಲಹೆ ಪ್ರಕರಣ

ಇದು ಬಾಗಲಕೋಟೆ ನವನಗರದ ಒಂದು ಕುಟುಂಬದ ವಿಷಯ. ಗಂಡ ಹೆಂಡತಿ ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು, ಕೆಲಸ, ಮೊತ್ತ ಎಲ್ಲ ಬದಲಿಸಿದ್ದೇನೆ. ಚರ್ಚ್ ಯಾವುದು ಅಂತ ಹೇಳುವುದಿಲ್ಲ, ದಯವಿಟ್ಟು ಊಹಿಸಲೂ ಹೋಗಬೇಡಿ. ನಮ್ಮ ಚರ್ಚ್ ಸಭೆಗಳಲ್ಲಿ ಇಂಥ ಮನೆಗಳು ಸಾಕಷ್ಟಿವೆ. ಯಾರೂ ಬಾಯಿ ಬಿಡುವುದಿಲ್ಲ ಅಷ್ಟೇ.

ಮೊದಲು ಬಂದವರು ಕರುಣಾ, ಒಬ್ಬರೇ. ಮನೆಯಲ್ಲೇ ಹೊಲಿಗೆ ಮಾಡುತ್ತಾರೆ, ಖಣದ ಕುಪ್ಪಸ, ಶಾಲೆ ಮಕ್ಕಳ ಯೂನಿಫಾರ್ಮ್. ಕುಳಿತ ತಕ್ಷಣ ಹೇಳಿದ್ದು ಇದು: "ನಾ ಇನ್ನ ಮ್ಯಾಲೆ ಚರ್ಚಿಗೆ ಹೋಗಂಗಿಲ್ರಿ. ದೇವರ ಮ್ಯಾಲೆ ಸಿಟ್ಟಿಲ್ಲ. ಆದ್ರ ಆ ಬಾಗಲಾ ದಾಟಂಗಿಲ್ಲ."

ಆಗಿದ್ದು ಇಷ್ಟು. ಅಣ್ಣನ ಮಗಳ ಮದುವೆಗೆ ಹೊರಡುವ ದಿನ ಟ್ರಂಕಿನ ಒಳಗಿನ ಡಬ್ಬಿ ತೆಗೆದರೆ ಪಾಟ್ಲಿ ಇಲ್ಲ. ಎರಡು ತೊಲೆಯ ಬಂಗಾರದ ಬಳೆ, ಮದುವೆಯಲ್ಲಿ ಅವರ ಅವ್ವ ಹಾಕಿದ್ದು. ಆ ವಾರವಷ್ಟೇ ನಾದಿನಿ ಬಂದು ಇದ್ದು ಹೋಗಿದ್ದಳು. ಕರುಣಾ ಅವಳಿಗೆ ಫೋನ್ ಹಚ್ಚಿ ಸುತ್ತಿ ಬಳಸಿ ಕೇಳಿದರು, ಟ್ರಂಕ್ ಏನಾದರೂ ತೆಗೆದಿದ್ದಿಯಾ, ಡಬ್ಬಿ ಕಣ್ಣಿಗೆ ಬಿದ್ದಿತ್ತಾ ಅಂತ. ನಾದಿನಿಗೆ ಅರ್ಥವಾಯಿತು. ಅತ್ತಳು, ಫೋನ್ ಇಟ್ಟಳು. ಗಂಡ ಸ್ಯಾಮುವೆಲ್ ಅದೇ ಕೋಣೆಯಲ್ಲಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡರು. ಒಂದು ಮಾತೂ ಆಡಲಿಲ್ಲ. ಮದುವೆ ಮುಗಿಸಿ ಬಂದ ರಾತ್ರಿ, ಕರುಣಾ ಪೊಲೀಸ್ ಕಂಪ್ಲೇಂಟ್ ಕೊಡೋಣ ಅಂದಾಗ, ಪಾಟ್ಲಿ ಬ್ಯಾಂಕಿನಲ್ಲಿವೆ ಅಂದರು. ಒಂದು ಲಕ್ಷ ಸಾಲ ತೆಗೆದು ಚರ್ಚ್ ಕಟ್ಟಡಕ್ಕೆ ಕೊಟ್ಟಿದ್ದರು. ಕೊಡುತ್ತೇನೆ ಅಂತ ಹೇಳಿಕೊಂಡಿದ್ದು ಒಂದೂವರೆ ಲಕ್ಷ, ಇನ್ನೂ ಐವತ್ತು ಸಾವಿರ ಬಾಕಿ. ಅವರ ಸಂಬಳ ತಿಂಗಳಿಗೆ 24,000. ಅದರಲ್ಲಿ 2,400 ದಶಮಾಂಶ, ಅಂದರೆ ಚರ್ಚಿಗೆ ಕೊಡುವ ಹತ್ತನೇ ಒಂದು ಪಾಲು, ಮೊದಲೇ ಹೋಗುತ್ತದೆ. ಮಗಳ ಕಾಲೇಜಿನ ಎರಡನೇ ಕಂತು ಕಟ್ಟಿರಲಿಲ್ಲ.

ಕರುಣಾಗೆ ಬಂಗಾರಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಆ ಫೋನ್ ಕರೆ. "ನನ್ನ ಬಾಯಿಂದ ಆ ಹುಡುಗಿನ್ನ ಕಳ್ಳಿ ಮಾಡಿಸಿ ಸುಮ್ನ ಕುಂತ್ರಲ್ರಿ." ಈ ಮಾತನ್ನು ಅವರು ಮತ್ತೆ ಮತ್ತೆ ಹೇಳಿದರು.

ನಂತರ ಸ್ಯಾಮುವೆಲ್ ಬಂದರು, ಬಹಳ ಒಲ್ಲದ ಮನಸ್ಸಿನಿಂದ. "ನಾ ಏನ್ ಕುಡದ ಹಾಳ ಮಾಡೇನೇನ್ರಿ? ಇಸ್ಪೀಟ ಆಡೇನೇನ್ರಿ? ದೇವರಿಗೆ ಕೊಟ್ಟೇನಿ." ನಾನು ವಾದಕ್ಕೆ ಇಳಿಯಲಿಲ್ಲ. ಕೊಡುವ ಮನಸ್ಸು ಎಲ್ಲಿಂದ ಬಂತು ಅಂತ ಮಾತ್ರ ಕೇಳಿದೆ. ಆಮೇಲೆ ಅವರು ಮಾತಾಡಿದ್ದನ್ನು ಕೇಳಿ ನನಗೆ ಅವರ ಮೇಲಿನ ಗೌರವ ಹೆಚ್ಚಾಯಿತು.

ಅವರ ಹಿರಿಯರು ಗುಳೇದಗುಡ್ಡದ ಕಡೆಯವರು. ಅಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1851ರಲ್ಲಿ ಕೆಲಸ ಶುರು ಮಾಡಿತು. ಆ ಕಾಲದಿಂದ ಬಂದ ಎಷ್ಟೋ ಮನೆಗಳಲ್ಲಿ ಚರ್ಚ್ ಅಂದರೆ ಬರೀ ಆರಾಧನೆಯ ಜಾಗ ಅಲ್ಲ. ಅನ್ನ, ಅಕ್ಷರ, ಕೆಲಸ ಎಲ್ಲ ಅಲ್ಲಿಂದಲೇ ಸಿಕ್ಕಿದ ನೆನಪು ಇರುತ್ತದೆ. ಸ್ಯಾಮುವೆಲ್ ಅವರ ತಂದೆ ಹಮಾಲಿ ಮಾಡುತ್ತಿದ್ದರು. ಬೆನ್ನು ಹೋಗಿ ಮಲಗಿದಾಗ ಸಭೆಯವರು ಜೋಳದ ಚೀಲ ತಂದು ಇಳಿಸಿದ್ದರು, ಹುಡುಗನನ್ನು ಹಾಸ್ಟೆಲಿಗೆ ಸೇರಿಸಿದ್ದರು. ಆ ಋಣ ಅವರ ಎದೆಯಲ್ಲಿದೆ. ಅದರ ಪಕ್ಕದಲ್ಲೇ ಇನ್ನೊಂದು ನೆನಪೂ ಇದೆ. ಹಬ್ಬದ ದಿನ ಚಂದಾ ಪಟ್ಟಿ ಓದುತ್ತಿದ್ದರು, ದೊಡ್ಡ ಮೊತ್ತದಿಂದ ಸಣ್ಣ ಮೊತ್ತಕ್ಕೆ. ತಂದೆಯ ಹೆಸರು ಯಾವಾಗಲೂ ಕೊನೆಯಲ್ಲಿ, ಐದು ರೂಪಾಯಿ. ಹಿಂದೆ ಕುಳಿತ ಹುಡುಗರು ನಗುತ್ತಿದ್ದರು. ಕನ್ವೆನ್ಶನ್‌ನಲ್ಲಿ (ಚರ್ಚಿನ ದೊಡ್ಡ ಕೂಟ) ಭಾಷಣಕಾರರು "ಒಂದೂವರೆ ಲಕ್ಷ ಯಾರು ಕೊಡ್ತೀರಿ, ಕೈ ಎತ್ತಿ" ಅಂದಾಗ ಸ್ಯಾಮುವೆಲ್ ಕೈ ಮೇಲಕ್ಕೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಸುಗ್ಗಿ ಹಬ್ಬದ ಹರಾಜಿನಲ್ಲೂ ಹೀಗೇ ಆಗಿತ್ತು. ಯಾರೋ ಹೊಲದಿಂದ ತಂದ ಕುಂಬಳಕಾಯಿ, ಜವಾರಿ ಕೋಳಿ, ಮನೆಯಲ್ಲಿ ಮಾಡಿದ ಕರದಂಟು ಇಟ್ಟು ಕೂಗುತ್ತಾರಲ್ಲ, ಅಲ್ಲಿ ಒಂದು ಕುಂಬಳಕಾಯಿಗೆ ಇವರು ಎಂಟು ಸಾವಿರದವರೆಗೆ ಹೋಗಿದ್ದರು. ಎದುರು ಕೂಗುತ್ತಿದ್ದವರು ಒಂದು ಕಾಲದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನಕ್ಕವರಲ್ಲಿ ಒಬ್ಬರು.

ಕೃತಜ್ಞತೆಯೂ ನಿಜ, ಅವಮಾನವೂ ನಿಜ. ಎರಡೂ ಒಂದೇ ಲಕೋಟೆಯಲ್ಲಿ ಸೇರಿ ಹೋಗುತ್ತಿದ್ದವು. ಇದನ್ನು ಅವರಿಗೆ ಹಾಗೇ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಇರಬಹುದ್ರಿ" ಅಂದರು.

ಅವರು ಬೈಬಲ್ ತಂದಿದ್ದರು, ಗೆರೆ ಎಳೆದ ಬೈಬಲ್. ನನಗೆ ಅದು ಒಳ್ಳೆಯದೇ ಅನ್ನಿಸಿತು. ವಚನ ಬಿಟ್ಟು ಬರೀ ಮನೆ ಖರ್ಚಿನ ಲೆಕ್ಕ ಹೇಳಿದರೆ ಇಂಥವರ ಮನಸ್ಸಿಗೆ ಅದು ಇಳಿಯುವುದಿಲ್ಲ. ಪ್ರವಾದಿ ಮಲಾಕಿಯ ಪುಸ್ತಕದ 3:10 ಅವರಿಗೆ ಬಾಯಿಪಾಠ: ದಶಮಾಂಶವನ್ನು ಬೊಕ್ಕಸಕ್ಕೆ ತನ್ನಿ, ನನ್ನನ್ನು ಪರೀಕ್ಷಿಸಿ ನೋಡಿ ಅನ್ನುವ ಮಾತು. ಒಂದು ಪುಟ ಹಿಂದೆ ತಿರುಗಿಸಿ ಅಂದೆ. ಎರಡನೇ ಅಧ್ಯಾಯದ 13, 14ನೇ ವಚನ ಜೋರಾಗಿ ಓದಿಸಿದೆ. ಅಲ್ಲಿ ಜನ ಯಜ್ಞವೇದಿಯನ್ನು ಕಣ್ಣೀರಿನಿಂದ ತುಂಬಿಸುತ್ತಾರೆ, ದೇವರು ನಮ್ಮ ಕಾಣಿಕೆ ಯಾಕೆ ಕಣ್ಣೆತ್ತಿ ನೋಡುತ್ತಿಲ್ಲ ಅಂತ ಕೇಳುತ್ತಾರೆ. ಉತ್ತರ ಏನು ಗೊತ್ತಾ? ಯೌವನದಲ್ಲಿ ಕೈಹಿಡಿದ ಹೆಂಡತಿಗೆ ನೀನು ದ್ರೋಹ ಮಾಡಿದ್ದೀ, ಅದಕ್ಕೆ ದೇವರೇ ಸಾಕ್ಷಿ. ದಶಮಾಂಶದ ಬಗ್ಗೆ ಅಷ್ಟು ಗಟ್ಟಿಯಾಗಿ ಮಾತಾಡಿದ ಅದೇ ಪ್ರವಾದಿ ಈ ಮಾತನ್ನು ಅದಕ್ಕಿಂತ ಮುಂಚೆ ಹೇಳಿದ್ದಾನೆ. ನಮ್ಮ ಪ್ರಸಂಗಗಳಲ್ಲಿ ಮೂರನೇ ಅಧ್ಯಾಯ ವರ್ಷಕ್ಕೆ ಎಷ್ಟೋ ಸಲ ಬರುತ್ತದೆ, ಎರಡನೆಯದು ಮದುವೆ ದಿನ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಸ್ಯಾಮುವೆಲ್ ಮಕೆದೋನ್ಯದ ಆದಿ ಕ್ರೈಸ್ತ ಸಭೆಗಳವರ ಮಾತು ಎತ್ತಿದರು. ಅವರು ಕಡುಬಡತನದಲ್ಲೂ ಶಕ್ತಿ ಮೀರಿ ಕೊಟ್ಟರಲ್ಲ, 2 ಕೊರಿಂಥ 8ರಲ್ಲಿ ಅಪೊಸ್ತಲ ಪೌಲ ಹೊಗಳಿದ್ದಾನಲ್ಲ ಅಂದರು. ಹೌದು, ಹೊಗಳಿದ್ದಾನೆ. ಇದನ್ನು ಜಾರಿಸಿ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಕ್ರಿಸ್ತನನ್ನು ನಂಬಿದವರು ಒಮ್ಮೊಮ್ಮೆ ಕೈಗೆ ನೋವಾಗುವಷ್ಟು ಕೊಡುತ್ತಾರೆ, ಕೊಡಬೇಕು ಕೂಡ. ಮಿಜೋರಾಮಿನ ಮನೆಗಳಲ್ಲಿ ಹೆಣ್ಣುಮಕ್ಕಳು ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿ ಪಕ್ಕಕ್ಕೆ ಹಾಕಿ ಸಭೆಗೆ ಕೊಡುವ ಪದ್ಧತಿ ನೂರು ವರ್ಷಕ್ಕೂ ಮೇಲೆ ನಡೆದು ಬಂದಿದೆ, ಬಡವರ ಆ ಹಿಡಿಯಿಂದಲೇ ಸುವಾರ್ತಾ ಸೇವೆ ಬೆಳೆದಿದೆ. ಆದರೆ ಮಕೆದೋನ್ಯದವರು ತಾವಾಗಿ, ಸ್ವಂತ ಇಷ್ಟದಿಂದ ಕೊಟ್ಟರು ಅಂತ ಪೌಲ ಅಲ್ಲೇ ಬರೆಯುತ್ತಾನೆ. ಅದೇ ಅಧ್ಯಾಯದ 12ನೇ ವಚನದಲ್ಲಿ, ಮನಸ್ಸಿದ್ದರೆ ಒಬ್ಬನ ಬಳಿ ಇರುವುದರ ಪ್ರಕಾರ ಕೊಟ್ಟದ್ದು ದೇವರಿಗೆ ಮೆಚ್ಚಿಗೆ, ಇಲ್ಲದ್ದನ್ನು ಕೇಳುವುದಿಲ್ಲ ಅನ್ನುತ್ತಾನೆ. ಪಾಟ್ಲಿ ಸ್ಯಾಮುವೆಲ್ ಬಳಿ ಇದ್ದದ್ದಲ್ಲ. ಕರುಣಾ ಬಳಿ ಇದ್ದದ್ದು. ನೀವು ಊಟ ಬಿಟ್ಟು ಕೊಡಿ, ಬೈಕ್ ಮಾರಿ ಕೊಡಿ, ಅದು ನಿಮ್ಮ ತ್ಯಾಗ. ಅವರ ತ್ಯಾಗವನ್ನು ಅವರಿಗೆ ಗೊತ್ತಿಲ್ಲದೆ ನೀವು ಮಾಡಲು ಬರುವುದಿಲ್ಲ ಅಂತ ಹೇಳಿದೆ. ಮಾರ್ಕ 7ರಲ್ಲಿ ಯೇಸು "ಕೊರ್ಬಾನ್" ಬಗ್ಗೆ ಸಿಟ್ಟಾದದ್ದು ಇದಕ್ಕೇ ಅಲ್ವಾ? ತಂದೆ ತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಅಂದುಬಿಟ್ಟರೆ ಮುಗಿಯಿತು ಅನ್ನುವವರ ಮೇಲೆ.

ಕೊನೆಗೆ ಅವರ ನಿಜವಾದ ಹೆದರಿಕೆ ಹೊರಗೆ ಬಂತು. ಹರಕೆ ಮಾಡಿ ತೀರಿಸದೆ ಇರುವುದಕ್ಕಿಂತ ಹರಕೆ ಮಾಡದೆ ಇರುವುದೇ ಲೇಸು, ಪ್ರಸಂಗಿ 5. ಉಳಿದ ಐವತ್ತು ಸಾವಿರ ಕಟ್ಟದಿದ್ದರೆ ಮಕ್ಕಳಿಗೆ ಏನಾದರೂ ಆದೀತು ಅಂತ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆಗ ಯಾಜಕಕಾಂಡ 27:8 ತೋರಿಸಿದೆ. ಹರಕೆ ಹೊತ್ತವನು ಗೊತ್ತುಮಾಡಿದ ಬೆಲೆ ಕೊಡಲಾರದಷ್ಟು ಬಡವನಾಗಿದ್ದರೆ ಯಾಜಕನ ಮುಂದೆ ಬರಬೇಕು, ಯಾಜಕನು ಅವನ ಶಕ್ತಿಗೆ ತಕ್ಕಂತೆ ಬೆಲೆ ಕಟ್ಟಬೇಕು. ಹರಕೆಯ ನಿಯಮಗಳ ಒಳಗೇ ಬಡವನಿಗೆ ಈ ದಾರಿ ಇದೆ. ಅವರು ಆ ವಚನಕ್ಕೂ ಗೆರೆ ಎಳೆದರು.

ಇಬ್ಬರನ್ನೂ ಕೂರಿಸಿ ಕೊಟ್ಟ ಸಲಹೆ ಹೀಗಿತ್ತು.

ಎಲ್ಲಕ್ಕಿಂತ ಮೊದಲು ನಾದಿನಿ. ಬಂಗಾರ ಬಿಡಿಸುವುದು ಆಮೇಲೆ. ಸ್ಯಾಮುವೆಲ್ ತಾವೇ ತಂಗಿಯ ಮನೆಗೆ ಹೋಗಿ, ಅವಳ ಗಂಡನ ಎದುರಿಗೇ, ತೆಗೆದದ್ದು ನಾನು, ಸುಮ್ಮನಿದ್ದದ್ದೂ ನಾನು ಅಂತ ಹೇಳಬೇಕು. ಕರುಣಾ ಜೊತೆಗೆ ಹೋಗಬೇಕಾಗಿಲ್ಲ. ಅವರ ಮಾತು ಅವರು ತಮಗೆ ಆದಾಗ ಆಡಲಿ. ಇದಕ್ಕೆ ಸ್ಯಾಮುವೆಲ್ ಕಟ್ಟಡಕ್ಕೆ ಕೊಟ್ಟಷ್ಟು ಸುಲಭವಾಗಿ ಒಪ್ಪಲಿಲ್ಲ, ಆದರೆ ಹೋದರು.

ಎರಡನೆಯದು ಸಾಲ. ಬಡ್ಡಿ ಬಾಕಿ ಬಿಟ್ಟರೆ ನೋಟಿಸ್ ಬರುತ್ತದೆ, ಆಮೇಲೆ ಅಡವಿಟ್ಟ ಬಂಗಾರ ಹರಾಜಿಗೆ ಹೋಗುತ್ತದೆ. ಹಾಗಾಗಿ ಮಗಳ ಫೀ ಮತ್ತು ಬಡ್ಡಿ, ಇವೆರಡು ಪಟ್ಟಿಯ ಮೇಲೆ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ಅಲ್ಲಗಳೆದವನು ಅಂತ 1 ತಿಮೊಥೆಯ 5:8 ಹೇಳುವಷ್ಟು ಕಟುವಾಗಿ ನಾನು ಹೇಳಬೇಕಾಗಿಲ್ಲ. ಸಾಲ ತೀರುವವರೆಗೆ ಬ್ಯಾಂಕ್ ಪಾಸ್‌ಬುಕ್ ಇಬ್ಬರ ಕೈಗೂ ಸಿಗುವ ಜಾಗದಲ್ಲಿ ಇರಬೇಕು.

ಮೂರನೆಯದು, ಉಳಿದ ಐವತ್ತು ಸಾವಿರದ ವಿಷಯವನ್ನು ಪಾಸ್ಟರ್ ಮುಂದೆ ಇಬ್ಬರೂ ಹೋಗಿ ಬಿಚ್ಚಿ ಹೇಳುವುದು. ತಲೆ ತಗ್ಗಿಸಬೇಕಾಗಿಲ್ಲ, ಯಾಜಕಕಾಂಡ ನಿಮ್ಮ ಪರವಾಗಿದೆ ಅಂದೆ.

ಕರುಣಾಗೆ ಹೇಳಿದ ಮಾತು ಬೇರೆ. ಸಿಟ್ಟಿನಲ್ಲಿ ಅವರು ಇನ್ನು ಒಂದು ರೂಪಾಯಿಯೂ ಚರ್ಚಿಗೆ ಹೋಗಬಾರದು ಅಂದಿದ್ದರು. ಅವರ ಸಿಟ್ಟು ನ್ಯಾಯವಾದದ್ದು. ಆದರೂ ಗಂಡನ ಕೊಡುವ ಮನಸ್ಸನ್ನೇ ಕತ್ತರಿಸಿ ಹಾಕಿದರೆ ಆ ಮನುಷ್ಯನ ಒಳ್ಳೆಯ ಭಾಗವೇ ಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಮಾತಿನ ನಡುವೆ ಇನ್ನೊಂದು ಗೊತ್ತಾಯಿತು. ಓಣಿಯಲ್ಲಿ ಗೌಂಡಿ ಕೆಲಸದವರ ಮಕ್ಕಳಿಗೆ ಕರುಣಾ ವರ್ಷವೂ ಯೂನಿಫಾರ್ಮ್ ಹೊಲಿದು ಕೊಡುತ್ತಾರೆ, ಮಜೂರಿ ತೆಗೆದುಕೊಳ್ಳುವುದಿಲ್ಲ. ಗುಂಡಿಯೂ ದಾರವೂ ಅವರದೇ. ಇದನ್ನು ಅವರು ಕಾಣಿಕೆ ಅಂದುಕೊಂಡೇ ಇರಲಿಲ್ಲ, ಯಾವ ಪಟ್ಟಿಯಲ್ಲೂ ಇದು ಬಂದಿಲ್ಲ. ಧರ್ಮೋಪದೇಶಕಾಂಡ 14ರಲ್ಲಿ ಮೂರನೇ ವರ್ಷದ ದಶಮಾಂಶವನ್ನು ಊರಲ್ಲೇ ಇಟ್ಟು ಲೇವಿಯ (ದೇವಸೇವೆಯ ಕುಲದವನು), ಪರದೇಶಿ, ಅನಾಥ, ವಿಧವೆ ಹೊಟ್ಟೆತುಂಬ ಉಣ್ಣಲಿ ಅಂದದ್ದು ನೆನಪಿಸಿದೆ. ಸ್ಯಾಮುವೆಲ್ ಹೆಂಡತಿಯ ಕಡೆ ತಿರುಗಿ ಕೇಳಿದರು, ವರ್ಷಕ್ಕೆ ಎಷ್ಟು ಜೋಡಿ ಆಗ್ತಾವು ಅಂತ. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಕೇಳಿದ್ದಂತೆ. ಕಾಣಿಕೆ ಎಷ್ಟು, ಎಲ್ಲಿಗೆ ಅಂತ ತಿಂಗಳ ಮೊದಲ ವಾರ ಇಬ್ಬರೂ ಕುಳಿತು ತೀರ್ಮಾನಿಸಬೇಕು, ಒಬ್ಬರು ಬೇಡ ಅಂದರೆ ಆ ತಿಂಗಳು ಆ ಮೊತ್ತ ಇಲ್ಲ ಅಂತ ಒಪ್ಪಂದವಾಯಿತು.

ಪಾಸ್ಟರ್ ಸಮಾಧಾನದಿಂದ ಕೇಳಿಸಿಕೊಂಡರು. ಉಳಿದದ್ದನ್ನು ನಿಮಗೆ ಸಾಧ್ಯವಾದಾಗ, ಸಾಧ್ಯವಾದಷ್ಟು ಕೊಡಿ, ಆಗದಿದ್ದರೆ ಬೇಡ ಅಂದರು. ಕಮಿಟಿಯಲ್ಲಿ ಒಬ್ಬರಿಗೆ ಇದು ಇಷ್ಟವಾಗಲಿಲ್ಲ, ಎಲ್ಲರೂ ಹೀಗೇ ಬಂದರೆ ಕಟ್ಟಡ ಏಳುವುದು ಹೇಗೆ ಅಂತ ಕೇಳಿದರಂತೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಸಿಮೆಂಟು ಕಬ್ಬಿಣ ಯಾರೂ ಪುಕ್ಕಟೆ ಕೊಡುವುದಿಲ್ಲ. ಆದರೆ ಹಿಂದೆ ದೇವರ ಆರಾಧನೆಯ ಗುಡಾರ ಕಟ್ಟುವಾಗ ಜನ ತರುವುದು ಬೇಕಾದ್ದಕ್ಕಿಂತ ಜಾಸ್ತಿಯಾಯಿತು, ಮೋಶೆ ಇನ್ನು ಸಾಕು, ತರಬೇಡಿ ಅಂತ ಪಾಳೆಯದಲ್ಲೆಲ್ಲ ಸಾರಿಸಿದ. ವಿಮೋಚನಕಾಂಡ 36ರಲ್ಲಿದೆ. ಸಾಕು ಅನ್ನಲು ಬರುವ ಸಭೆಗೆ ಜನ ಹೆದರಿ ಕೊಡುವುದಿಲ್ಲ. ಪಾಸ್ಟರ್ ಹತ್ತಿರ ನಾನು ಕೇಳಿಕೊಂಡಿದ್ದು ಎರಡೇ: ಕೂಟದಲ್ಲಿ ಕೈ ಎತ್ತಿಸಬೇಡಿ, ಮನೆಗೆ ಹೋಗಿ ಮಾತಾಡಿಕೊಂಡು ಬಂದು ಚೀಟಿ ಕೊಡಲಿ. ಮತ್ತು ಪಟ್ಟಿ ಓದುವಾಗ ಹೆಸರು ಓದಿ, ಮೊತ್ತ ಬೇಡ. ಹಣದ ಪೂರ್ತಿ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿ. ಮೊದಲನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದು ಕಮಿಟಿ ಮುಂದಿದೆ.

ಪಾಟ್ಲಿ ಇನ್ನೂ ಬ್ಯಾಂಕಿನಲ್ಲಿವೆ. ಮಗಳ ಫೀ ಕಟ್ಟಿಯಾಗಿದೆ, ಅದಕ್ಕೆ ಸ್ಯಾಮುವೆಲ್ ತಮ್ಮ ಬೈಕ್ ಮಾರಿದರು. ನಾದಿನಿ ಮಾತಾಡುತ್ತಾಳೆ, ಮನೆಗೆ ಇನ್ನೂ ಬಂದಿಲ್ಲ. ಕರುಣಾ ಭಾನುವಾರ ಒಮ್ಮೊಮ್ಮೆ ಹೋಗುತ್ತಾರೆ, ಹಿಂದಿನ ಸಾಲಿನಲ್ಲಿ ಕುಳಿತು ಬೇಗ ಎದ್ದು ಬರುತ್ತಾರೆ, ಅದಕ್ಕೆ ಯಾರೂ ಒತ್ತಾಯ ಮಾಡಬಾರದು ಅಂತ ಹೇಳಿದ್ದೇನೆ. ಈ ವರ್ಷದ ಹರಾಜಿಗೆ ಐನೂರು ರೂಪಾಯಿ ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ. ಮುಂದಿನ ಸಲ ಮಗಳನ್ನೂ ಕರೆತರಲು ಹೇಳಿದ್ದೇನೆ. ಫೀ ಕಟ್ಟದೆ ಕ್ಲಾಸಿನಲ್ಲಿ ಹೆಸರು ಕೂಗಿಸಿಕೊಂಡವಳು ಅವಳು, ಅವಳಿಗೆ ಅಪ್ಪನನ್ನು ಕೇಳುವುದು ಬಹಳ ಇದೆ.