ಫಾಗ್ ಲೈಟಿಗೆ ರಿಲೇ ಬೇಕೇ?

ಪ್ರಶ್ನೆ: ಮಳೆಗಾಲದಲ್ಲಿ ಆಗುಂಬೆ ಘಾಟಿಗೆ ಹೆಡ್‌ಲೈಟ್ ಸಾಲುವುದಿಲ್ಲ. ಬೈಕಿಗೆ 20 ವಾಟ್‌ನ ಎರಡು ಎಲ್‌ಇಡಿ ಫಾಗ್ ಲೈಟ್ ಮನೆಯಲ್ಲೇ ಹಾಕಬೇಕೆಂದಿದ್ದೇನೆ, ಇದೇ ಮೊದಲು. ಹೆಡ್‌ಲೈಟ್ ವಯರಿನಿಂದಲೇ ಕರೆಂಟ್ ತೆಗೆಯಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಬೇಡವೇ ಬೇಡ. ಎರಡೂ ಸೇರಿ 40 ವಾಟ್, 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್. ಹೆಡ್‌ಲೈಟಿನ ಸಪೂರ ವಯರು, ಸ್ವಿಚ್ಚು ಈ ಹೆಚ್ಚಿನ ಹೊರೆಗೆ ಬಿಸಿಯಾಗಿ ಕರಗೀತು.

ನಾಲ್ಕು ಪಿನ್ನಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಹಾಕಿ. ಪಿನ್ನುಗಳ ಮೇಲೆ 30, 85, 86, 87 ಎಂಬ ನಂಬರುಗಳಿರುತ್ತವೆ. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಪಾಸಿಟಿವ್‌ನಿಂದ 7.5 ಆಂಪಿಯರ್ ಫ್ಯೂಸ್ ಮೂಲಕ ರಿಲೇಯ 30ಕ್ಕೆ, 87ರಿಂದ ಲೈಟುಗಳಿಗೆ, 85 ಅರ್ತಿಗೆ (ಬೈಕಿನ ಫ್ರೇಮಿಗೆ). 86ಕ್ಕೆ ಸ್ವಿಚ್ಚಿನ ವಯರು, ಅದೂ ಕೀ ತಿರುಗಿಸಿದಾಗಷ್ಟೇ ಕರೆಂಟ್ ಬರುವ ಜಾಗದಿಂದ. ಇಲ್ಲವಾದರೆ ಲೈಟು ಆರಿಸಲು ಮರೆತರೆ ಬ್ಯಾಟರಿ ಖಾಲಿಯಾಗಿ ಮರುದಿನ ಬೆಳಿಗ್ಗೆ ಕಿಕ್ಕರೇ ಗತಿ (ನಿಮ್ಮ ಬೈಕಿಗೆ ಅದಿದ್ದರೆ). ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಲೈಟಿನ ಹತ್ತಿರ ಇಟ್ಟರೆ, ನಡುವಿನ ವಯರು ಫ್ರೇಮಿಗೆ ತಾಗಿ ಶಾರ್ಟ್ ಆದಾಗ ಅದು ಹಾರುವುದೇ ಇಲ್ಲ.

ಹೊಸಬರು ಎಡವುವುದು ಹ್ಯಾಂಡಲ್ ಬುಡದಲ್ಲಿ. ವಯರು ಕಟ್ಟುವ ಟೈ ಬಿಗಿಯುವ ಮೊದಲು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ವಯರು ಎಳೆಯಬಾರದು. ಬರೀ ಹೊಸೆದು ಟೇಪು ಸುತ್ತಿದ ಜಾಯಿಂಟು ನಮ್ಮ ಉಪ್ಪುಗಾಳಿಗೆ ಹಸಿರು ಹಿಡಿಯುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಏರಿಸಿ. ಲೈಟನ್ನು ಕೆಳಮುಖವಾಗಿ ಕೂರಿಸಿ. ಮೇಲಕ್ಕೆತ್ತಿದರೆ ಮಂಜಿನಲ್ಲಿ ಕಾಣುವುದು ಬಿಳಿ ಗೋಡೆ ಮಾತ್ರ.